53 ಜನರಿದ್ದೂ ಸಾಲಲಿಲ್ಲ ಯಾಕೆ? ಡೆಟ್ರಾಯಿಟ್ ಲಯನ್ಸ್ ಡಿಫೆನ್ಸಿವ್ ಲೈನ್ ಬಗ್ಗೆ

ಪ್ರಶ್ನೆ: ಸರ್, ನಾವು ಮಿಶಿಗನ್‌ನ ನೋವೈನಲ್ಲಿದ್ದೇವೆ. ಮಗನ ಜೊತೆ ಕೂತು ಡೆಟ್ರಾಯಿಟ್ ಲಯನ್ಸ್ ಆಟ ನೋಡ್ತಾ ನೋಡ್ತಾ ನನಗೂ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಿಡಿದಿದೆ. 2024ರಲ್ಲಿ ನಮ್ಮ ಟೀಮು 17ರಲ್ಲಿ 15 ಪಂದ್ಯ ಗೆದ್ದಿತು. ಆಮೇಲೆ ಪ್ಲೇಆಫ್‌ನ ತನ್ನ ಮೊದಲ ಪಂದ್ಯದಲ್ಲೇ ಸೋತು ಮನೆಗೆ ಹೋಯಿತು. ಎಲ್ಲರೂ ‘ಡಿಫೆನ್ಸಿವ್ ಲೈನ್‌ನಲ್ಲಿ ಡೆಪ್ತ್ ಇರಲಿಲ್ಲ’ ಅಂದರು, ಅಂದರೆ ಎದುರಾಳಿಯನ್ನು ತಡೆಯಲು ಮುಂದೆ ನಿಲ್ಲುವ ಸಾಲಿನಲ್ಲಿ ಒಳ್ಳೆಯ ಬದಲಿ ಆಟಗಾರರು ಇರಲಿಲ್ಲವಂತೆ. 53 ಜನ ಇರುವ ಟೀಮಿನಲ್ಲಿ ಒಬ್ಬ ಹೋದರೆ ಇನ್ನೊಬ್ಬನನ್ನು ಹಾಕಿದರೆ ಆಯ್ತಲ್ವಾ? ಇನ್ನೊಂದು ವಿಷಯ. ನನ್ನ ಮಗ ಹೈಸ್ಕೂಲ್ ಟೀಮಿನಲ್ಲಿ ಇದೇ ಲೈನ್‌ನಲ್ಲಿ ಆಡುತ್ತಾನೆ, ಆದರೆ ಸರದಿಯಲ್ಲಿ ಆರನೆಯವನು. ಪಂದ್ಯಕ್ಕೆ ಹತ್ತು ಹನ್ನೆರಡು ಸಲ ಮಾತ್ರ ಒಳಗೆ ಹೋಗುತ್ತಾನೆ. ಬೇಜಾರು ಮಾಡಿಕೊಂಡಿದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ಮೊದಲು ಆ 53ರ ಲೆಕ್ಕ ನೋಡೋಣ. ಗೊಂದಲ ಶುರುವಾಗುವುದೇ ಅಲ್ಲಿ.

53 ಅನ್ನುವುದು ಟೀಮಿನ ಪೂರ್ತಿ ಪಟ್ಟಿ. ಪಂದ್ಯದ ದಿನ ಹೆಚ್ಚೆಂದರೆ 48 ಜನ ಆಡಲು ಸಿದ್ಧರಾಗಿ ನಿಲ್ಲಬಹುದು. ಅದರಲ್ಲಿ ಅರ್ಧದಷ್ಟು ಜನ ಚೆಂಡು ಹಿಡಿದು ಮುಂದೆ ಹೋಗುವ ಕಡೆಯವರು. ಚೆಂಡು ಒದೆಯುವ ಕಿಕ್ಕರ್, ಪಂಟರ್, ಅವರಿಗೆ ಚೆಂಡು ಕೊಡುವವನು ಅಂತ ಇನ್ನು ಮೂವರು. ಹಿಂದೆ ನಿಂತು ಎದುರಾಳಿಯ ಪಾಸ್ ತಡೆಯುವವರನ್ನೂ ನಡುವಿನ ಲೈನ್‌ಬ್ಯಾಕರ್‌ಗಳನ್ನೂ ಕಳೆದರೆ ಡಿಫೆನ್ಸಿವ್ ಲೈನ್‌ಗೆ ಉಳಿಯುವುದು ಎಂಟೋ ಒಂಬತ್ತೋ ಜನ. ಮೈದಾನದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ನಾಲ್ವರು ನಿಲ್ಲುತ್ತಾರೆ. ಹಾಗಾದ್ರೆ ಒಬ್ಬೊಬ್ಬರಿಗೂ ಒಬ್ಬ ಬದಲಿ ಇದ್ದೇ ಇದ್ದಾನಲ್ಲ ಅನ್ನಿಸುತ್ತೆ.

ಆದರೆ ಆ ನಾಲ್ವರ ಕೆಲಸ ಒಂದೇ ಅಲ್ಲ. ಒಳಗಿನ ಇಬ್ಬರು 140, 150 ಕಿಲೋ ತೂಕದವರು. ಮಧ್ಯದಲ್ಲಿ ಓಡಿ ಬರುವ ದಾರಿಯನ್ನು ಮುಚ್ಚುವುದು ಅವರ ಕೆಲಸ. ಹೊರಗಿನ ಇಬ್ಬರು ಸ್ವಲ್ಪ ಹಗುರ, ಉದ್ದ, ಚುರುಕು. ಅಂಚಿನಿಂದ ಸುತ್ತಿ ಬಂದು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿಯುವುದು ಅವರ ಕೆಲಸ. ಒಳಗಿನವನನ್ನು ಹೊರಗೆ ಹಾಕಿದರೆ ಓಟದಲ್ಲಿ ಹಿಂದೆ ಬೀಳುತ್ತಾನೆ. ಹೊರಗಿನವನನ್ನು ಒಳಗೆ ಹಾಕಿದರೆ ಇಬ್ಬರು ಸೇರಿ ಅವನನ್ನು ಹಿಂದಕ್ಕೆ ನೂಕಿಬಿಡುತ್ತಾರೆ. ಹಾಗಾಗಿ ಅಂಚಿನಲ್ಲಿ ಇಬ್ಬರು ಗಾಯಗೊಂಡರೆ ಬೆಂಚಿನಲ್ಲಿ ಒಳಗಿನವರು ಮೂವರು ಕೂತಿದ್ದರೂ ಉಪಯೋಗ ಕಡಿಮೆ. ಇವರ ಹಿಂದೆ 16 ಜನರ ಪ್ರ್ಯಾಕ್ಟಿಸ್ ಸ್ಕ್ವಾಡ್, ಅಂದರೆ ಟೀಮಿನ ಜೊತೆ ಅಭ್ಯಾಸ ಮಾಡುವ ಹೆಚ್ಚುವರಿ ಆಟಗಾರರ ಗುಂಪು ಇರುತ್ತೆ, ನಿಜ. ಅಲ್ಲಿಂದ ಪಂದ್ಯಕ್ಕೆ ಇಬ್ಬರನ್ನು ಮೇಲಕ್ಕೆ ತರಬಹುದು. ಆದರೆ ಲೀಗ್ ಹಂತದಲ್ಲಿ ಒಬ್ಬನನ್ನು ಹಾಗೆ ತರಲು ಮೂರು ಸಲ ಮಾತ್ರ ಅವಕಾಶ. ಆಮೇಲೂ ಅವನು ಬೇಕಾದರೆ ಮುಖ್ಯ ಪಟ್ಟಿಯಲ್ಲಿ ಜಾಗ ಮಾಡಿಕೊಡಬೇಕು.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಡೆಪ್ತ್ ಅಂದರೆ ಯಾರಿಗಾದರೂ ಗಾಯವಾದಾಗ ಬೇಕಾಗುವ ಸ್ಟೆಪ್ನಿ ಟೈರ್ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಈ ಲೈನ್‌ನಲ್ಲಿ ಹಾಗಲ್ಲ. ಇಲ್ಲಿ ಬದಲಿ ಆಟಗಾರ ಪ್ರತಿ ಪಂದ್ಯದಲ್ಲೂ ಬೇಕು, ಎಲ್ಲರೂ ಗಟ್ಟಿಮುಟ್ಟಾಗಿ ಇರುವಾಗಲೂ ಬೇಕು. ಯಾಕೆ ಅಂತ ತಿಳಿಯಬೇಕಾದರೆ ಆ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ನಾನು ಓಹಾಯೋದ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ಎಂಟು ಸೀಸನ್ ಲೈನ್ ಕೋಚ್‌ಗೆ ಸಹಾಯಕನಾಗಿದ್ದೆ. ನಮ್ಮಲ್ಲಿ ಹುಡುಗರು ಕಡಿಮೆ. ದಪ್ಪ ಹುಡುಗರಂತೂ ಇನ್ನೂ ಕಡಿಮೆ. ಅದೇ ಐದಾರು ಜನ ಎರಡೂ ಕಡೆ ಆಡಬೇಕಿತ್ತು. ಚೆಂಡು ನಮ್ಮದಾದಾಗ ತಡೆಯುವುದು, ಎದುರಾಳಿಯದ್ದಾದಾಗ ನುಗ್ಗುವುದು. ನವೆಂಬರ್ ತಿಂಗಳ ಒಂದು ಶುಕ್ರವಾರ ರಾತ್ರಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಥಂಡಿ ಎಷ್ಟಿತ್ತೆಂದರೆ ಹೆಲ್ಮೆಟ್ ತೆಗೆದ ಹುಡುಗರ ತಲೆಯಿಂದ ಹೊಗೆ ಏಳುತ್ತಿತ್ತು. ಮೂರನೇ ಕ್ವಾರ್ಟರ್‌ವರೆಗೂ ನಾವೇ ಮುಂದಿದ್ದೆವು.

ಒಳಗೆ ಆಡುವ ಒಬ್ಬ ಹುಡುಗನಿದ್ದ. ಹದಿನೇಳು ವರ್ಷ, ಒಳ್ಳೆ ಬಲಶಾಲಿ. ಡಿಫೆನ್ಸಿವ್ ಲೈನ್‌ನವನು ಶುರುವಿನಲ್ಲಿ ಒಂದು ಕೈಯನ್ನು ನೆಲಕ್ಕೆ ಊರುತ್ತಾನಲ್ಲ, ಆ ಬೆರಳುಗಳನ್ನು ನಾನು ನೋಡುತ್ತಿದ್ದೆ. ಮೊದಲ ಅರ್ಧದಲ್ಲಿ ಅವನ ಬೆರಳ ತುದಿ ಮಾತ್ರ ಹುಲ್ಲು ಮುಟ್ಟುತ್ತಿತ್ತು. ಭಾರವೆಲ್ಲ ಕಾಲಿನ ಮುಂಭಾಗದಲ್ಲಿ. ಚೆಂಡು ಅಲುಗಿದ ಕೂಡಲೇ ಹಾರಿ ಹೋಗುತ್ತಿದ್ದ. ನಾಲ್ಕನೇ ಕ್ವಾರ್ಟರ್ ಬಂದಾಗ ಅಂಗೈ ಪೂರ್ತಿ ನೆಲಕ್ಕೆ ಒರಗಿತ್ತು. ಕೈ ಮೇಲೆ ಭಾರ ಹಾಕಿ ವಿಶ್ರಾಂತಿ ಪಡೆಯುತ್ತಿದ್ದ, ಅಷ್ಟೇ. ಎದ್ದಾಗ ಸೊಂಟ ಮೊದಲು ಮೇಲೆ ಬರುತ್ತಿತ್ತು, ಎದೆ ಆಮೇಲೆ. ಎದುರಿನವನಿಗೆ ಅಷ್ಟು ಸಾಕು. ಅವನ ಕೈ ನಮ್ಮ ಹುಡುಗನ ಎದೆಯ ಕೆಳಗೆ ಸೇರಿಕೊಳ್ಳುತ್ತಿತ್ತು. ಆ ಟೀಮಿನವರು ಅದೇ ಓಟವನ್ನು, ಅದೇ ಹುಡುಗನ ಕಡೆಗೆ, ಮತ್ತೆ ಮತ್ತೆ ಓಡಿದರು. ಒಂದೊಂದು ಸಲಕ್ಕೂ ನಾಲ್ಕು ಗಜ, ಐದು ಗಜ. ಬದಲಿಗೆ ಕಳಿಸಲು ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಪಂದ್ಯ ಸೋತೆವು. ಆ ಹುಡುಗ ತನ್ನಿಂದಲೇ ಸೋಲಾಯಿತು ಅಂತ ಬಸ್ಸಿನಲ್ಲಿ ಅತ್ತ. ಅವನ ತಪ್ಪು ಒಂದಿಷ್ಟೂ ಇರಲಿಲ್ಲ.

ಮೈಸೂರಿನ ಕಡೆ ಕುಸ್ತಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಯಾರು ಕೆಳಗಿರುತ್ತಾನೋ ಪಟ್ಟು ಅವನ ಕೈಯಲ್ಲಿ. ಸುಸ್ತಾದ ಪೈಲ್ವಾನ ಮೊದಲು ಮಾಡುವ ತಪ್ಪೇ ನೆಟ್ಟಗೆ ನಿಲ್ಲುವುದು. ಡಿಫೆನ್ಸಿವ್ ಲೈನ್‌ನಲ್ಲೂ ಅದೇ ಕತೆ. ಚೆಂಡು ಅಲುಗಿದ ಕ್ಷಣದಿಂದ ನಿಲ್ಲುವವರೆಗಿನ ಒಂದು ಆಟ ಐದಾರು ಸೆಕೆಂಡಿಗೆ ಮುಗಿಯುತ್ತೆ. ಆದರೆ ಆ ಐದಾರು ಸೆಕೆಂಡು ತನ್ನಷ್ಟೇ ಅಥವಾ ತನಗಿಂತ ಜಾಸ್ತಿ ತೂಕದವನ ಜೊತೆ ಪೂರ್ತಿ ಬಲದ ಕುಸ್ತಿ. ಒಂದು ಪಂದ್ಯದಲ್ಲಿ ಇಂಥವು 60, 65 ಬರುತ್ತವೆ. ಒಂದೊಂದನ್ನೂ ಒಂದು ಸ್ನ್ಯಾಪ್ ಅಂತ ಲೆಕ್ಕ ಹಾಕುತ್ತಾರೆ. 140 ಕಿಲೋ ತೂಕದವನು ಅರವತ್ತರಲ್ಲಿ ಎಲ್ಲವನ್ನೂ ಒಂದೇ ಬಲದಲ್ಲಿ ಆಡಲಾರ. ಮೂವತ್ತೋ ಮೂವತ್ತೈದೋ ಚೆನ್ನಾಗಿ ಆಡುತ್ತಾನೆ. ಉಳಿದವನ್ನು ಹೇಗೋ ತಳ್ಳುತ್ತಾನೆ. ಆದ್ದರಿಂದ ‘ನಮ್ಮಲ್ಲಿ ಎಷ್ಟು ಜನ ಇದ್ದಾರೆ’ ಅನ್ನುವುದಕ್ಕಿಂತ ‘ನಮ್ಮಲ್ಲಿ ಎಷ್ಟು ಒಳ್ಳೆಯ ಸ್ನ್ಯಾಪ್ ಇವೆ’ ಅಂತ ಕೇಳಬೇಕು. ನಾನು ಯಾವ ಟೀಮನ್ನು ನೋಡಿದರೂ ಮೊದಲು ಹಾಕುವ ಲೆಕ್ಕ ಇದೇ.

ಈಗ ನಿಮ್ಮ ಲಯನ್ಸ್‌ಗೆ ಬರೋಣ. 2024ರ ಸೀಸನ್ ಶುರುವಾದಾಗ ಅಂಚಿನ ಎರಡು ಬದಿಗೆ ಏಡನ್ ಹಚಿನ್ಸನ್ ಮತ್ತು ಮಾರ್ಕಸ್ ಡೇವನ್‌ಪೋರ್ಟ್. ಒಳಗೆ ಅಲಿಮ್ ಮೆಕ್‌ನೀಲ್ ಮತ್ತು ಡಿ.ಜೆ. ರೀಡರ್. ಕಾಗದದ ಮೇಲೆ ಗಟ್ಟಿ ನಾಲ್ವರು. ಆದರೆ ಅಂಚಿನಲ್ಲಿ ಅನುಭವವಿದ್ದ ಜಾನ್ ಕಾಮಿನ್ಸ್ಕಿ ತರಬೇತಿ ಶಿಬಿರದಲ್ಲೇ ಮೊಣಕಾಲು ಗಾಯವಾಗಿ ಹೊರಗೆ ಹೋಗಿದ್ದರು. ಮೂರನೇ ವಾರದಲ್ಲಿ ಡೇವನ್‌ಪೋರ್ಟ್ ಕೈಗೆ ಪೆಟ್ಟಾಗಿ ಸೀಸನ್ ಮುಗಿಸಿದರು. ಅಲ್ಲಿಂದ ಆಚೆ ಅಂಚಿನ ಭಾರವೆಲ್ಲ ಹಚಿನ್ಸನ್ ಮೇಲೆ ಬಿತ್ತು. ಆ ಹುಡುಗ ಹೊರಗೆ ಬಂದು ಉಸಿರು ಬಿಟ್ಟದ್ದೇ ಅಪರೂಪ.

ಅಕ್ಟೋಬರ್ 13ರಂದು ಟೆಕ್ಸಸ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ಎದುರು ಪಂದ್ಯ. ಅರ್ಧ ಆಟಕ್ಕೆ ಲಯನ್ಸ್ 27-6ರಿಂದ ಮುಂದಿತ್ತು. ಮೂರನೇ ಕ್ವಾರ್ಟರ್‌ನಲ್ಲಿ ಹಚಿನ್ಸನ್ ಡಲ್ಲಾಸ್‌ನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್‌ನನ್ನು ಹಿಡಿದು ಬೀಳಿಸುವಾಗ ಹಚಿನ್ಸನ್‌ರ ಎಡಗಾಲು ಬೀಸಿ ಬಂದು ಮೆಕ್‌ನೀಲ್ ಕಾಲಿಗೆ ಬಡಿಯಿತು. ಹಚಿನ್ಸನ್‌ರ ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದವು. ಇಡೀ ಸ್ಟೇಡಿಯಂ ಮೌನವಾಯಿತು. ಲಯನ್ಸ್ ಪಂದ್ಯವನ್ನು 47-9ರಿಂದ ಗೆದ್ದಿತು, ಆದರೆ ಟಿವಿ ಮುಂದೆ ಕೂತಿದ್ದ ನನಗೆ ಅದು ಗೆಲುವು ಅಂತ ಅನ್ನಿಸಲೇ ಇಲ್ಲ. ಅಷ್ಟು ಮುಂದಿರುವಾಗ ಅವರನ್ನು ಆಡಿಸಿದ್ದು ತಪ್ಪು ಅಂತ ಕೆಲವರು ಹೇಳಿದರು. ನಾನು ಒಪ್ಪಲ್ಲ. ಮೂರನೇ ಕ್ವಾರ್ಟರ್‌ನಲ್ಲಿ ಯಾವ ಟೀಮೂ ತನ್ನ ಮುಖ್ಯ ಆಟಗಾರನನ್ನು ಎತ್ತಿಡುವುದಿಲ್ಲ. ಆದರೆ ಹಿಂದೆ ಇನ್ನಿಬ್ಬರು ಒಳ್ಳೆಯವರು ಇದ್ದಿದ್ದರೆ ಆ ಸರದಿ ಇನ್ನೊಬ್ಬನದ್ದಾಗಿರಬಹುದಿತ್ತು, ಅಷ್ಟಂತೂ ನಿಜ.

ಆಗ ಹಚಿನ್ಸನ್ ಹೆಸರಲ್ಲಿ ಐದು ಪಂದ್ಯಕ್ಕೆ ಏಳೂವರೆ ಸ್ಯಾಕ್ ಇದ್ದವು. ಸ್ಯಾಕ್ ಅಂದರೆ ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಬೀಳಿಸುವುದು. 17 ಪಂದ್ಯ ಮುಗಿದ ಮೇಲೂ ಲಯನ್ಸ್ ಪಟ್ಟಿಯಲ್ಲಿ ಅತಿ ಹೆಚ್ಚು ಸ್ಯಾಕ್ ಅವರದ್ದೇ. ಐದು ಪಂದ್ಯ ಆಡಿದವನನ್ನು ಉಳಿದವರು ಹನ್ನೆರಡು ಪಂದ್ಯದಲ್ಲಿ ದಾಟಲಾಗಲಿಲ್ಲ. ಡೆಪ್ತ್ ಇರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಟೀಮಿನವರು ಕೈಕಟ್ಟಿ ಕೂರಲಿಲ್ಲ. ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನಿಂದ ಝಡೇರಿಯಸ್ ಸ್ಮಿತ್‌ರನ್ನು ತಂದರು. ಪ್ರ್ಯಾಕ್ಟಿಸ್ ಸ್ಕ್ವಾಡ್‌ಗೆ ಅಲ್‌ಕ್ವಾಡಿನ್ ಮುಹಮ್ಮದ್‌ರನ್ನು ಸೇರಿಸಿಕೊಂಡರು. ಅಷ್ಟರಲ್ಲಿ ಡಿಸೆಂಬರ್ 15. ಬಫಲೊ ಬಿಲ್ಸ್ ಎದುರು 48-42 ಸೋಲು. ಅದೇ ಪಂದ್ಯದಲ್ಲಿ ಮೆಕ್‌ನೀಲ್ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಅಂಚು ಮೊದಲೇ ಹೋಗಿತ್ತು, ಈಗ ನಡುವೂ ಹೋಯಿತು.

ಒಬ್ಬ ಹೋದರೆ ನಷ್ಟ ಒಬ್ಬನದ್ದಲ್ಲ ಅನ್ನುವುದನ್ನು ನಿಮ್ಮ ಮಗನಿಗೂ ತೋರಿಸಿ. ಎದುರಾಳಿಯ ಆಫೆನ್ಸಿವ್ ಲೈನ್‌ನಲ್ಲಿ ಐವರು ಇರುತ್ತಾರೆ. ನಿಮ್ಮವರು ನಾಲ್ವರು. ಅಂದರೆ ಪ್ರತಿ ಸಲ ಅವರಲ್ಲಿ ಒಬ್ಬ ಮಿಕ್ಕುತ್ತಾನೆ. ಆ ಮಿಕ್ಕವನು ನಿಮ್ಮ ಅತಿ ಬಲಿಷ್ಠನ ಮೇಲೆ ಇಬ್ಬರಲ್ಲಿ ಒಬ್ಬನಾಗಿ ಬೀಳುತ್ತಾನೆ. ಹಚಿನ್ಸನ್ ಇದ್ದಾಗ ಆ ಇಬ್ಬರು ಅವರ ಕಡೆ ಹೋಗುತ್ತಿದ್ದರು. ಒಳಗೆ ಮೆಕ್‌ನೀಲ್‌ಗೆ ಒಬ್ಬನೇ ಎದುರಾಳಿ ಸಿಗುತ್ತಿದ್ದ. ಹಚಿನ್ಸನ್ ಹೋದ ಮೇಲೆ ಇಬ್ಬರೂ ಮೆಕ್‌ನೀಲ್ ಕಡೆ ತಿರುಗಿದರು. ಮೆಕ್‌ನೀಲ್ ಗಾಯಕ್ಕೆ ಆಯಾಸವೇ ಕಾರಣ ಅಂತ ನಾನು ಹೇಳುತ್ತಿಲ್ಲ, ಅದನ್ನು ಹೇಳಲು ಯಾರಿಂದಲೂ ಆಗಲ್ಲ. ಆದರೆ ಅವರ ಒಂದೊಂದು ಸ್ನ್ಯಾಪೂ ಮೊದಲಿಗಿಂತ ಕಷ್ಟವಾಗಿತ್ತು.

ನಾಲ್ವರಿಂದ ಆಗದಿದ್ದಾಗ ಕೋಚ್ ಮುಂದೆ ಉಳಿಯುವ ದಾರಿ ಬ್ಲಿಟ್ಜ್. ಹಿಂದೆ ಕಾಯಬೇಕಾದ ಒಬ್ಬರನ್ನೋ ಇಬ್ಬರನ್ನೋ ಮುಂದಕ್ಕೆ ನುಗ್ಗಿಸುವುದು. ಲಯನ್ಸ್‌ನಲ್ಲಿ ಆಗ ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಕೋಚ್ (ಡಿಫೆನ್ಸಿವ್ ಕೋಆರ್ಡಿನೇಟರ್) ಆರನ್ ಗ್ಲೆನ್ ಅದನ್ನೇ ಮಾಡಿದರು, ಧೈರ್ಯದಿಂದಲೇ ಮಾಡಿದರು. 2025ರ ಜನವರಿ 5ರಂದು ಮಿನೆಸೋಟ ವೈಕಿಂಗ್ಸ್ ಎದುರು ಅದು ಅದ್ಭುತವಾಗಿ ನಡೆಯಿತು. ಎದುರಾಳಿ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಾಲ್ಡ್ ಎಸೆದ 41ರಲ್ಲಿ 18 ಪಾಸ್ ಮಾತ್ರ ಕೈಸೇರಿದವು. 31-9 ಗೆಲುವು. ಆದರೆ ಬ್ಲಿಟ್ಜ್ ಅನ್ನುವುದು ಸಾಲದ ಹಣ. ಹಿಂದಿನಿಂದ ಒಬ್ಬನನ್ನು ತಂದರೆ ಹಿಂದೆ ಒಂದು ಜಾಗ ಖಾಲಿ. ಕ್ವಾರ್ಟರ್‌ಬ್ಯಾಕ್ ಗಾಬರಿಯಾಗದೆ ಚೆಂಡನ್ನು ಬೇಗ ಬಿಟ್ಟರೆ ಅದೇ ಖಾಲಿ ಜಾಗ ನಿಮಗೆ ಮುಳುವಾಗುತ್ತೆ.

ಜನವರಿ 18ರಂದು ಡೆಟ್ರಾಯಿಟ್‌ನಲ್ಲಿ ನಡೆದ ಆ ಪ್ಲೇಆಫ್ ಪಂದ್ಯದಲ್ಲಿ ವಾಷಿಂಗ್ಟನ್ ಕಮಾಂಡರ್ಸ್‌ನ ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್ ಇದನ್ನೇ ಮಾಡಿ ತೋರಿಸಿದ. ಅದು ಅವನ ಮೊದಲ ವರ್ಷ. 299 ಗಜ ಪಾಸ್ ಎಸೆದ, ಒಂದು ಸಲವೂ ಚೆಂಡನ್ನು ಎದುರಾಳಿಗೆ ಕೊಡಲಿಲ್ಲ. ಪಂದ್ಯದ ಶುರುವಿನಲ್ಲೇ ಹಿಂದೆ ನಿಂತು ಪಾಸ್ ತಡೆಯುವ ಲಯನ್ಸ್‌ನ ಕಾರ್ನರ್‌ಬ್ಯಾಕ್ ಅಮಿಕ್ ರಾಬರ್ಟ್‌ಸನ್ ಕೈ ಮುರಿದುಕೊಂಡು ಹೊರಗೆ ಹೋದದ್ದು ಇನ್ನೊಂದು ಪೆಟ್ಟು. ಮುಂದೆ ಬಲವಿಲ್ಲದಾಗ ಹಿಂದಿನವರು ಜಾಸ್ತಿ ಹೊತ್ತು ಕಾಯಬೇಕು, ಆ ಹಿಂದೆಯೂ ಜನ ಇಲ್ಲ. 45-31ರ ಸೋಲು. ನ್ಯಾಯವಾಗಿ ಹೇಳಬೇಕಾದರೆ ಅವತ್ತು ಲಯನ್ಸ್‌ನ ಆಫೆನ್ಸ್ ಐದು ಸಲ ಚೆಂಡನ್ನು ಕಳೆದುಕೊಂಡಿತು. ಸೋಲಿನ ಭಾರವನ್ನೆಲ್ಲ ಡಿಫೆನ್ಸಿವ್ ಲೈನ್ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಒಳ್ಳೆಯ ಲೈನ್ ಇರುವ ಟೀಮು ಆಫೆನ್ಸ್ ಮಾಡಿದ ಎರಡು ಮೂರು ತಪ್ಪನ್ನಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತೆ. ಲಯನ್ಸ್‌ಗೆ ಆ ಶಕ್ತಿ ಉಳಿದಿರಲಿಲ್ಲ.

ಅದೇ ತಿಂಗಳು ಸಿಡ್ನಿ ಟೆಸ್ಟ್ ನೀವೂ ನೋಡಿರುತ್ತೀರಿ. ಬುಮ್ರಾ ಆ ಸರಣಿಯಲ್ಲಿ 150ಕ್ಕೂ ಹೆಚ್ಚು ಓವರ್ ಹಾಕಿ 32 ವಿಕೆಟ್ ತೆಗೆದಿದ್ದರು. ಬೆನ್ನು ನೋವಿನಿಂದ ಕೊನೆಯ ಇನಿಂಗ್ಸ್‌ನಲ್ಲಿ ಬೌಲ್ ಮಾಡಲಾಗಲಿಲ್ಲ. ನಮ್ಮ ಪ್ರಸಿದ್ಧ್ ಕೃಷ್ಣ ಮೂರು ವಿಕೆಟ್ ಕಿತ್ತರೂ ಆಸ್ಟ್ರೇಲಿಯ 162 ರನ್ ಹೊಡೆದು ಗೆದ್ದಿತು. ಹಚಿನ್ಸನ್ ಇಲ್ಲದ ಲಯನ್ಸ್ ನೋಡುವಾಗ ನನಗೆ ಆ ಬೆಳಗ್ಗೆಯೇ ನೆನಪಾಗುತ್ತಿತ್ತು.

ಇದರ ತದ್ವಿರುದ್ಧ ಚಿತ್ರ ಬೇಕಾದರೆ 2025ರ ಫೆಬ್ರವರಿ 9ರ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಮತ್ತೊಮ್ಮೆ ಹಾಕಿ ನೋಡಿ. ಫಿಲಡೆಲ್ಫಿಯ ಈಗಲ್ಸ್ ಕ್ಯಾನ್ಸಸ್ ಸಿಟಿ ಚೀಫ್ಸ್‌ನ್ನು 40-22ರಿಂದ ಸೋಲಿಸಿತು. ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನಂಥವನು ಆರು ಸಲ ನೆಲಕ್ಕೆ ಬಿದ್ದ. ಇಡೀ ಪಂದ್ಯದಲ್ಲಿ ಈಗಲ್ಸ್ ಒಂದೇ ಒಂದು ಬ್ಲಿಟ್ಜ್ ಕೂಡ ಮಾಡಲಿಲ್ಲ! ಎಲ್ಲವೂ ಮುಂದಿನ ನಾಲ್ವರಿಂದಲೇ. ಆದರೆ ಆ ನಾಲ್ವರು ಯಾವಾಗಲೂ ಅದೇ ನಾಲ್ವರಲ್ಲ. ಜೇಲನ್ ಕಾರ್ಟರ್, ಜೋರ್ಡನ್ ಡೇವಿಸ್, ಮಿಲ್ಟನ್ ವಿಲಿಯಮ್ಸ್, ಮೊರೊ ಓಜೊಮೊ ಒಳಗೆ. ಜಾಶ್ ಸ್ವೆಟ್, ನೋಲನ್ ಸ್ಮಿತ್, ಜೇಲಿಕ್ಸ್ ಹಂಟ್, ಬ್ರ್ಯಾಂಡನ್ ಗ್ರಹಾಂ ಹೊರಗೆ. ಎಂಟು ಜನ. ಚೀಫ್ಸ್ ಕಾರ್ಟರ್ ಮೇಲೆ ಇಬ್ಬರನ್ನು ಬಿಟ್ಟಿತು. ಕಾರ್ಟರ್‌ಗೆ ಒಂದೂ ಸ್ಯಾಕ್ ಸಿಗಲಿಲ್ಲ, ಪಕ್ಕದ ವಿಲಿಯಮ್ಸ್‌ಗೆ ಎರಡು ಸಿಕ್ಕವು.

ಇನ್ನೊಂದು ಪಂದ್ಯವೂ ಇದೆ. ಅದನ್ನು ನೋಡಲು ಮನಸ್ಸು ಗಟ್ಟಿ ಬೇಕು. 2017ರ ಫೆಬ್ರವರಿ 5ರ ಸೂಪರ್ ಬೌಲ್, ಅಟ್ಲಾಂಟಾ ಫಾಲ್ಕನ್ಸ್ 28-3ರಿಂದ ಮುಂದಿದ್ದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ 34-28ರಿಂದ ಸೋತದ್ದು. ಎಲ್ಲರೂ ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಬಗ್ಗೆ ಮಾತಾಡುತ್ತಾರೆ. ಲೈನ್‌ನವರು ಬೇರೆ ಅಂಕಿ ನೋಡುತ್ತಾರೆ. ಪೇಟ್ರಿಯಟ್ಸ್ 93 ಸ್ನ್ಯಾಪ್ ಆಡಿತು, ಫಾಲ್ಕನ್ಸ್ 46. ಫಾಲ್ಕನ್ಸ್ ಲೈನ್‌ನ ಗ್ರೇಡಿ ಜಾರೆಟ್ ಮೂರು ಸ್ಯಾಕ್ ತೆಗೆದು ಜೀವ ಒತ್ತೆಯಿಟ್ಟು ಆಡಿದ. ಆದರೆ ಎಂಬತ್ತನೇ ಸ್ನ್ಯಾಪ್ ಹೊತ್ತಿಗೆ ಆ ಹುಡುಗರ ಕಾಲಲ್ಲಿ ಏನೂ ಉಳಿದಿರಲಿಲ್ಲ. ಕೈಗಳು ಸೊಂಟದ ಮೇಲೆ, ತಲೆ ಕೆಳಗೆ.

ಹಾಗಾದ್ರೆ ಎಲ್ಲ ಟೀಮೂ ಎಂಟು ಜನರನ್ನು ಕೊಂಡುಕೊಳ್ಳಬಾರದಾ? ಆಗಲ್ಲ. ಸ್ಯಾಲರಿ ಕ್ಯಾಪ್ ಅಂತ ಒಂದಿದೆ. 2024ರಲ್ಲಿ ಒಂದು ಟೀಮು ಸಂಬಳಕ್ಕೆ ಇಡಬಹುದಾಗಿದ್ದ ಮಿತಿ 255.4 ಮಿಲಿಯನ್ ಡಾಲರ್. ಒಳ್ಳೆಯ ಲೈನ್ ಆಟಗಾರರಿಗೆ ಬೆಲೆ ವಿಪರೀತ. ಇಬ್ಬರಿಗೆ ಕೊಟ್ಟರೆ ಮೂರನೆಯವನಿಗೆ ಉಳಿಯಲ್ಲ. ಆದ್ದರಿಂದ ಡೆಪ್ತ್‌ನ ಬಹುಪಾಲು ಡ್ರಾಫ್ಟ್‌ನಿಂದಲೇ, ಅಂದರೆ ಟೀಮುಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಿಂದಲೇ ಬರಬೇಕು. ಮೊದಲ ನಾಲ್ಕು ವರ್ಷ ಕಡಿಮೆ ಸಂಬಳದಲ್ಲಿರುವ ಹುಡುಗರೇ ಬೇಕು. ಈಗಲ್ಸ್‌ನ ಆ ಎಂಟೂ ಜನ ಅವರೇ ಡ್ರಾಫ್ಟ್ ಮಾಡಿ ಬೆಳೆಸಿದವರು. ಓಜೊಮೊ ಏಳನೇ ಸುತ್ತಿನಲ್ಲಿ ಸಿಕ್ಕವನು, ಅಂದರೆ ಕೊನೆಯ ಸುತ್ತು.

ಹೀಗೆ ಬೆಳೆಸಿದ್ದೂ ನಿಲ್ಲುವುದಿಲ್ಲ. ಸೂಪರ್ ಬೌಲ್ ಗೆದ್ದ ಮರು ತಿಂಗಳೇ ವಿಲಿಯಮ್ಸ್ ನಾಲ್ಕು ವರ್ಷಕ್ಕೆ 104 ಮಿಲಿಯನ್ ಡಾಲರ್ ಒಪ್ಪಂದಕ್ಕೆ ಪೇಟ್ರಿಯಟ್ಸ್ ಸೇರಿದರು. ಸ್ವೆಟ್ ಅರಿಝೋನಾಕ್ಕೆ ಹೋದರು. ಗ್ರಹಾಂ ನಿವೃತ್ತಿ ಘೋಷಿಸಿದರು. 2025ರ ಸೀಸನ್‌ನಲ್ಲಿ ಅದೇ ಈಗಲ್ಸ್ ಅಂಚಿನಲ್ಲಿ ಜನ ಇಲ್ಲದೆ ಪರದಾಡಿತು. ಲಯನ್ಸ್ ಬಿಟ್ಟುಕೊಟ್ಟಿದ್ದ ಝಡೇರಿಯಸ್ ಸ್ಮಿತ್‌ರನ್ನು ಕರೆತಂದರು, ಅವರು ಅಕ್ಟೋಬರ್‌ನಲ್ಲಿ ನಿವೃತ್ತರಾದರು. ಕೊನೆಗೆ ಗ್ರಹಾಂ ನಿವೃತ್ತಿಯಿಂದಲೇ ವಾಪಸ್ ಬರಬೇಕಾಯಿತು. ಎಂಟು ತಿಂಗಳ ಹಿಂದೆ ಎಲ್ಲರೂ ಹೊಟ್ಟೆಕಿಚ್ಚು ಪಡುತ್ತಿದ್ದ ಲೈನ್ ಅದು! ಲಯನ್ಸ್ ಕೂಡ ಸುಮ್ನೆ ಕೂರಲಿಲ್ಲ. 2025ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಓಹಾಯೋ ಸ್ಟೇಟ್‌ನ ಟೈಲೀಕ್ ವಿಲಿಯಮ್ಸ್‌ನನ್ನು, ಒಳಗೆ ಆಡುವವನನ್ನು, ಆರಿಸಿಕೊಂಡರು. ಸರಿಯಾದ ಆಯ್ಕೆ ಅಂತಲೇ ನನ್ನ ಅಭಿಪ್ರಾಯ.

ಜನ ಇದ್ದರೂ ಕೆಲವೊಮ್ಮೆ ಬದಲಿಸಲು ಬಿಡುವುದಿಲ್ಲ, ಇದನ್ನೂ ಗಮನಿಸಿ. ಎದುರಾಳಿ ಆಟಗಾರರನ್ನು ಬದಲಿಸಿದರೆ ಡಿಫೆನ್ಸ್‌ಗೂ ಬದಲಿಸಲು ಅಂಪೈರ್ ಸಮಯ ಕೊಡುತ್ತಾನೆ. ಅವರು ಬದಲಿಸದೆ, ಗುಂಪುಗೂಡದೆ, ನೇರ ಬಂದು ನಿಂತರೆ ನಿಮಗೆ ಆ ಸಮಯ ಇಲ್ಲ. ಸುಸ್ತಾದ ನಾಲ್ವರು ಅಲ್ಲೇ ಸಿಕ್ಕಿಬಿದ್ದರು ಅಂತ ಗೊತ್ತಾದ ಕೂಡಲೇ ಜಾಣ ಕ್ವಾರ್ಟರ್‌ಬ್ಯಾಕ್ ವೇಗ ಹೆಚ್ಚಿಸುತ್ತಾನೆ. ಹಾಗಾಗಿ ಒಳ್ಳೆಯ ಲೈನ್ ಕೋಚ್ ಸುಸ್ತಾಗುವವರೆಗೆ ಕಾಯುವುದಿಲ್ಲ. ಮೊದಲ ಕ್ವಾರ್ಟರ್‌ನಲ್ಲೇ, ಎಲ್ಲರೂ ಚೆನ್ನಾಗಿರುವಾಗಲೇ ಬದಲಿಸಲು ಶುರುಮಾಡುತ್ತಾನೆ.

ಈಗ ನಿಮ್ಮ ಮಗನ ವಿಷಯ. ಆರನೆಯವನು ಅಂದಿರಿ. ನನ್ನ ಆ ನವೆಂಬರ್ ರಾತ್ರಿ ಆರನೆಯವನೊಬ್ಬ ಇದ್ದಿದ್ದರೆ ಅಂತ ನಾನು ಎಷ್ಟು ಸಲ ಅಂದುಕೊಂಡಿದ್ದೇನೋ. ಹನ್ನೆರಡು ಸ್ನ್ಯಾಪ್ ಕಡಿಮೆಯಲ್ಲ. ಆ ಹನ್ನೆರಡು ಸಲ ಮೊದಲಿನವನೊಬ್ಬ ಬೆಂಚಿನಲ್ಲಿ ಕೂತು ನೀರು ಕುಡಿಯುತ್ತಾನೆ, ನಾಲ್ಕನೇ ಕ್ವಾರ್ಟರ್‌ನಲ್ಲಿ ಬೆರಳ ತುದಿಯಲ್ಲಿ ನಿಲ್ಲುತ್ತಾನೆ.

ಅವನು ಮಾಡಬೇಕಾದ್ದು ಎರಡು ಕೆಲಸ. ಒಂದು, ಒಳಗೆ ಹೊರಗೆ ಎರಡೂ ಜಾಗ ಕಲಿಯಲಿ. ಹೈಸ್ಕೂಲ್ ಮಟ್ಟದಲ್ಲಿ ಅದು ಸಾಧ್ಯ. ಎರಡು ಜಾಗ ಗೊತ್ತಿರುವ ಆರನೆಯವನು ಕೋಚ್ ಲೆಕ್ಕದಲ್ಲಿ ಮೂರನೆಯವನಿಗೆ ಸಮ. ಎರಡು, ಹೊರಗಿರುವಾಗ ತಾನು ಎದುರಿಸಬೇಕಾದವನ ಕೈ ನೋಡಲಿ. ಎದುರಾಳಿ ಲೈನ್‌ನವನು ಕೈ ಮೇಲೆ ಜಾಸ್ತಿ ಭಾರ ಹಾಕಿದರೆ ಸಾಮಾನ್ಯವಾಗಿ ಮುಂದಕ್ಕೆ ನುಗ್ಗುತ್ತಾನೆ, ಅಂದರೆ ಓಟ. ಹಗುರಾಗಿ ಇಟ್ಟರೆ ಹಿಂದಕ್ಕೆ ಸರಿಯುತ್ತಾನೆ, ಅಂದರೆ ಪಾಸ್. ಒಳಗಿರುವವರಿಗೆ ಇದನ್ನು ನೋಡಲು ಪುರುಸೊತ್ತಿರಲ್ಲ, ಬೆಂಚಿನಲ್ಲಿರುವವನಿಗೆ ಇರುತ್ತೆ. ಅವನು ಒಳಗೆ ಹೋಗುವಾಗ ಹೊರಗೆ ಬರುವವನನ್ನು ಒಂದು ಮಾತು ಕೇಳಲಿ: ‘ಅವನು ಎಡಕ್ಕೆ ವಾಲ್ತಾನಾ, ಬಲಕ್ಕಾ?’

ಮುಂದಿನ ಶುಕ್ರವಾರ ನೀವು ಗ್ಯಾಲರಿಯಲ್ಲಿ ಕೂತಾಗ ಚೆಂಡನ್ನು ನೋಡಬೇಡಿ. ಮೂರನೇ ಕ್ವಾರ್ಟರ್‌ನಿಂದ ಆಚೆ ನಿಮ್ಮ ಮಗನ ಟೀಮಿನ ನಾಲ್ವರ ಕೈ ಎಲ್ಲಿದೆ ಅಂತ ನೋಡಿ. ಸೊಂಟದ ಮೇಲಿದ್ದರೆ ಅವನ ಸರದಿ ಹತ್ತಿರ ಬಂತು ಅಂತ ಅರ್ಥ. ಆ ಹೊತ್ತಿಗೆ ಅವನು ಹೆಲ್ಮೆಟ್ ಹಾಕಿಕೊಂಡು, ಪಟ್ಟಿ ಬಿಗಿದು, ಕೋಚ್ ಪಕ್ಕದಲ್ಲಿ ನಿಂತಿರಲಿ.